ಬಾಗುವುದು ಯಾರ ಮುಂದೆ?

ನವನಗರದ ನಮ್ಮ ನೆರೆಮನೆಯ ಹುಡುಗಿಯ ರಂಗಪ್ರವೇಶಕ್ಕೆ ಹೋಗಿಬಂದ ರಾತ್ರಿ ಮನೆಯಲ್ಲಿ ಊಟ ತಡವಾಯಿತು. ಹತ್ತು ವರ್ಷದ ಮಗಳು ತಟ್ಟೆಯ ಮುಂದೆ ಕೂತು, "ಅಮ್ಮೀ, ಮೈ ಭೀ ಸೀಖೂಂ?" ಎಂದಳು. ನಮಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

"ಅಕ್ಕಾರ, ಎಲ್ಲಾರೂ ಬರಬೇಕ ನೋಡ್ರಿ ಮತ್ತ" ಎಂದು ಹುಡುಗಿಯ ತಾಯಿ ಮನೆಗೆ ಬಂದು ಕರೆದಿದ್ದರು. ಸಭೆಯಲ್ಲಿ ಅತಿಥಿಗಳೊಬ್ಬರು 'ಕಲೆಗೆ ಧರ್ಮವಿಲ್ಲ' ಎಂದಾಗ ಎಲ್ಲರ ಜೊತೆ ನಾವೂ ಚಪ್ಪಾಳೆ ತಟ್ಟಿದೆವು. ಆದರೆ ದಾರಿಯಲ್ಲಿ ಆ ಮಾತು ಟೊಳ್ಳೆನಿಸತೊಡಗಿತು. ವರ್ಣದಲ್ಲಿ ಅರ್ಧ ಗಂಟೆಗೂ ಹೆಚ್ಚು ಹೊತ್ತು ಕೃಷ್ಣನಿಗಾಗಿ ಕಾದು, ಮುನಿದು, ಕರಗಿದ ಆ ಹುಡುಗಿಯದು ಧರ್ಮವಿಲ್ಲದ ಕಲೆಯೇ? ಹಾಗೆಂದರೆ ಅವಳ ಭಕ್ತಿಯನ್ನು ಬರೀ ಕಸರತ್ತೆಂದು ಕರೆದಂತಾಯಿತು. ನಮ್ಮ ಕಡೆಯಿಂದಲೂ ಅದು ಸಲೀಸಾದ ಮಾತಲ್ಲ. ಸಜ್ದಾ ಒಬ್ಬನಿಗೇ ಸಲ್ಲಬೇಕೆಂಬುದು ನಮ್ಮ ಈಮಾನು. ಬಾಗುವುದನ್ನು ಹಗುರವಾಗಿ ಕಾಣುವವರಿಗೆ ಈ ಮನೆಯ ಸಂಕಟ ಅರ್ಥವಾಗದು.

ಕಥೆ ಬರೆಯುವವರಾಗಿ ನಾವು ಎಲ್ಲಮ್ಮನ ಗುಡ್ಡ ಹತ್ತುವ ಹೆಂಗಸರನ್ನು ಚಿತ್ರಿಸಿದ್ದೇವೆ, ಅವರ ಹರಕೆಯನ್ನು ಅವರ ಬಾಯಲ್ಲೇ ಹೇಳಿಸಿದ್ದೇವೆ. ನಿಮ್ಮ ಈಮಾನು ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ. ಪಕ್ಕದ ಕುಂದಗೋಳದ ಸವಾಯಿ ಗಂಧರ್ವರಿಗೆ ಗುರುವಾದ ಉಸ್ತಾದ್ ಅಬ್ದುಲ್ ಕರೀಂ ಖಾನರು ತ್ಯಾಗರಾಜರ ರಾಮಕೃತಿಯನ್ನು ಹಾಡಿ ಧ್ವನಿಮುದ್ರಿಕೆ ಕೊಟ್ಟರು. ಅದನ್ನೂ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತೇವೆ. ಹಾಗಾದರೆ ಲೇಖನಿಗೂ ಕಂಠಕ್ಕೂ ಕೊಟ್ಟ ಸಲಿಗೆಯನ್ನು ಮೈಗೆ ಮಾತ್ರ ಏಕೆ ಕೊಡಲಾರೆವು? ಅದೂ ಮಗಳ ಮೈ ಎಂಬ ಕಾರಣಕ್ಕೋ? ನಮ್ಮ ಅಂಜಿಕೆಯಲ್ಲಿ ಈಮಾನು ಎಷ್ಟು, ನಾಲ್ಕು ಜನರ ಬಾಯಿಯ ಭಯ ಎಷ್ಟು ಎಂದು ತೂಗಿದರೆ ನಾಚಿಕೆಯಾಗುತ್ತದೆ.

ಈ ನೃತ್ಯಕ್ಕೆ ಯಾರು ಅರ್ಹರೆಂಬ ತಕರಾರು ಹೊಸದಲ್ಲ. ಗುಡಿಯಲ್ಲೂ ಅರಮನೆಯಲ್ಲೂ ಇದನ್ನು ಉಳಿಸಿಕೊಂಡು ಬಂದವರು ದೇವದಾಸಿಯರು. ಮೊದಲು ಹೊರಗಾದವರೂ ಅವರೇ. 1935ರಲ್ಲಿ ರುಕ್ಮಿಣಿದೇವಿ ಅರುಂಡೇಲ್ ಅಡ್ಯಾರಿನಲ್ಲಿ ಕುಣಿದಾಗ, ಮೇಲ್ಜಾತಿಯ ಹೆಣ್ಣು ಇದನ್ನು ಮಾಡುವುದೇ ಎಂದು ಹುಬ್ಬೇರಿಸಿದವರಿದ್ದರು. ಇಂದು ಅದೇ ನೃತ್ಯ ಕುಲೀನ ಮನೆಗಳ ಗೌರವ. ಇನ್ನೊಂದು ಸಂಗತಿ: ಹಳೆಯ ಶಬ್ದಂಗಳು 'ಸಲಾಮು' ಎಂಬ ಮಾತಿನಲ್ಲಿ ಮುಗಿಯುತ್ತವೆ, ನರ್ತಕಿ ಹಣೆಯ ಬಳಿಗೆ ಕೈ ಒಯ್ದು ಸಲಾಮು ಮಾಡುತ್ತಾಳೆ. ತಂಜಾವೂರಿನ ಮರಾಠಾ ದರಬಾರಿನ ಕಾಲದ ರೂಢಿ ಅದು. ಅಂದು ಆ ಹುಡುಗಿ ಹಾಗೆ ಮಾಡಿದಾಗ ಮಗಳು ನಮ್ಮ ಮೊಣಕೈ ತಿವಿದಿದ್ದಳು.

ಕೇರಳದ ಮಲಪ್ಪುರಂನ ವಿ.ಪಿ. ಮನ್ಸಿಯಾ ಮುಸ್ಲಿಂ ಮನೆಯಲ್ಲಿ ಹುಟ್ಟಿ ಭರತನಾಟ್ಯ ಕಲಿತವರು. ಕುಣಿಯುತ್ತಾಳೆಂದು ಊರಿನ ಜಮಾಅತ್ ಕುಟುಂಬವನ್ನು ದೂರವಿಟ್ಟಿತು, ತಾಯಿ ತೀರಿದಾಗ ಖಬರಸ್ತಾನದಲ್ಲಿ ಜಾಗ ಸಿಗಲಿಲ್ಲ ಎಂದು ಆಕೆ ಹೇಳಿಕೊಂಡಿದ್ದಾರೆ. 2022ರಲ್ಲಿ ಇರಿಂಞಾಲಕುಡದ ಕೂಡಲ್ಮಾಣಿಕ್ಯಂ ದೇವಾಲಯ, ಹಿಂದೂ ಅಲ್ಲವೆಂಬ ಕಾರಣಕ್ಕೆ ಉತ್ಸವದ ನೃತ್ಯಕ್ಕೆ ಕೊಟ್ಟ ಅವಕಾಶವನ್ನು ಹಿಂತೆಗೆದುಕೊಂಡಿತು. ಗುಡಿಯ ನಿಯಮ ಗುಡಿಯದು ಎನ್ನಬಹುದು, ಜಮಾಅತಿನ ನಿಯಮ ಜಮಾಅತಿನದು ಎನ್ನಬಹುದು. ಆದರೆ ಬಾಗಿದವಳ ನಿಯ್ಯತ್ತು ಏನೆಂದು ಇಬ್ಬರೂ ಅವಳನ್ನು ಕೇಳಲಿಲ್ಲ. ಕರ್ಮಗಳ ಬೆಲೆ ನಿಯ್ಯತ್ತಿನಲ್ಲಿದೆ ಎಂದು ಮದರಸಾದಲ್ಲಿ ಮೊದಲ ಪಾಠವಾಗಿ ಕಲಿತ ನಮಗೆ ಈ ಮೌನ ಹೆಚ್ಚು ಚುಚ್ಚುತ್ತದೆ.

ಮರುವಾರ ನಾವೇ ನೃತ್ಯದ ಟೀಚರಮ್ಮನ ಬಳಿ ಹೋಗಿ ಸಂಕೋಚದಿಂದ ಕೇಳಿದೆವು: ಆ ನೆಲ ಮುಟ್ಟುವ ನಮಸ್ಕಾರ ಯಾಕೆ? "ಕಾಲಿಂದ ಅಷ್ಟ ತುಳೀತೀವಲ್ರೀ ಭೂಮಿನ್ನ, ಮೊದಲ ಕ್ಷಮಾ ಕೇಳಬೇಕಲ್ಲ" ಎಂದರು. ದೇವರ ಮುಂದಿನ ಪುಷ್ಪಾಂಜಲಿಯ ಮಾತು ತೆಗೆದಾಗ ಸ್ವಲ್ಪ ಯೋಚಿಸಿ, "ಅದು ಬರೂದು ಭಾಳ ವರ್ಷ ಆದ ಮ್ಯಾಲ. ಆವಾಗ ಆಕೀನ ಹೇಳ್ಲಿ, ನಾನೂ ಹೇಳೂದಿಲ್ಲ, ನೀವೂ ಹೇಳಬ್ಯಾಡ್ರಿ" ಎಂದರು.

ನಮ್ಮ ಯಜಮಾನರು ಹೂಂ ಅಂದಿಲ್ಲ, ಉಹೂಂ ಎಂದೂ ಅಂದಿಲ್ಲ. ಅತ್ತೆಯವರು ತೌಬಾ ಎಂದು ಕೆನ್ನೆ ಮುಟ್ಟಿಕೊಂಡವರು, ಶನಿವಾರ ಕ್ಲಾಸಿಗೆ ಹೊರಟ ಮೊಮ್ಮಗಳ ದುಪ್ಪಟ್ಟಾವನ್ನು ತಾವೇ ಸೊಂಟಕ್ಕೆ ಬಿಗಿದು ಕಟ್ಟಿದರು. ಸದ್ಯ ತಟ್ಟಡವು ಮಾತ್ರ ನಡೆದಿದೆ. ಮನೆಯ ನೆಲ ಸಂಜೆಯೆಲ್ಲ ಸದ್ದು ಮಾಡುತ್ತದೆ.