ಹದ ಎಂದರೆ ಅರ್ಧ ಅಲ್ಲ



ಇಂದಿನ ಚಿಂತನೆ ಕಾಫಿ ಫಿಲ್ಟರಿನಿಂದ ಶುರುವಾಗುತ್ತದೆ. ನಗಬೇಡಿ, ಕೊನೆಗೆ ಧಮ್ಮಕ್ಕೇ ಬರುತ್ತೇನೆ.

ನಮ್ಮ ಮನೆಯ ಲೆಕ್ಕ ಹೀಗೆ. ಫಿಲ್ಟರಿನ ಮೇಲಿನ ಪಾತ್ರೆಗೆ ಸುಮಾರು 20 ಗ್ರಾಂ ಪುಡಿ, ಅದರ ಮೇಲೆ 150 ಮಿಲಿ ಬಿಸಿನೀರು, ಕುದಿ ಬಂದು ಆಗಷ್ಟೇ ಇಳಿಸಿದ್ದು. ಪುಡಿ ತನ್ನ ತೂಕದ ಹೆಚ್ಚುಕಡಿಮೆ ಎರಡರಷ್ಟು ನೀರನ್ನು ತಾನೇ ಕುಡಿದು ಇಟ್ಟುಕೊಳ್ಳುತ್ತದೆ. ಕೆಳಗೆ ಇಳಿಯುವ ಡಿಕಾಕ್ಷನ್ 110 ಮಿಲಿ. ಒಂದು ಪಾಲು ಡಿಕಾಕ್ಷನ್ನಿಗೆ ಎರಡು ಮೂರು ಪಾಲು ಹಾಲು. ಹಾಲಿಲ್ಲದೆ ಕುಡಿಯುವ ಕಪ್ಪು ಕಾಫಿಯಾದರೆ ಲೆಕ್ಕವೇ ಬೇರೆ, ಲೀಟರ್ ನೀರಿಗೆ 55 ಗ್ರಾಂ ಆಸುಪಾಸು. ಸ್ವಲ್ಪ ಪುಡಿಗೆ ಬಹಳ ನೀರು ಸುರಿದರೆ ಬಣ್ಣದ ನೀರು ಸಿಗುತ್ತದೆ, ಅದೂ ಕಹಿ. ಪುಡಿ ತುಂಬಿ ಗಟ್ಟಿಯಾಗಿ ಅದುಮಿದರೆ ನೀರು ಮೇಲೆಯೇ ನಿಂತುಬಿಡುತ್ತದೆ, ಹನಿ ಇಳಿಯುವುದಿಲ್ಲ. ಚಿಕೋರಿ ಜಾಸ್ತಿಯಾದರೆ ನೋಡಲು ಕಪ್ಪಗೆ, ಮಂದವಾಗಿ ಇರುತ್ತದೆ. ಅದು ಕಾಫಿಯ ಬಲವಲ್ಲ, ಬೇರಿನ ಬಣ್ಣ. (ಪೊಟ್ಟಣದ ಸಣ್ಣ ಅಕ್ಷರ ಓದಿ. ಶೇ. 49ರವರೆಗೆ ಚಿಕೋರಿ ಬೆರೆಸಲು ಕಾನೂನೇ ಬಿಟ್ಟಿದೆ.)

ಗಮನಿಸಿ, ಇದರಲ್ಲಿ ಎಲ್ಲಿಯೂ ಅರ್ಧಕ್ಕರ್ಧ ಎಂಬುದಿಲ್ಲ. 20ಕ್ಕೆ 150. ಆದರೂ ನಾವು ಅದನ್ನು ಹದ ಎನ್ನುತ್ತೇವೆ. ಕನ್ನಡ ಪಾಠ ಮಾಡುವ ನನಗೆ ಈ ಪದದ ಮೇಲೆ ವಿಶೇಷ ಪ್ರೀತಿ. ಇದು ಪಂಡಿತರ ಪದವಲ್ಲ, ಕೈಯ ಪದ. ಮಣ್ಣಿನ ಹದ, ಮುದ್ದೆಯ ಹದ. ತೊಗಲು ಹದ ಮಾಡುತ್ತಿದ್ದ ನಮ್ಮ ಹಿರಿಯರಿಗೆ ತಂಗಡಿ ತೊಗಟೆಯ ನೀರಿನಲ್ಲಿ ಅದನ್ನು ಎಷ್ಟು ದಿನ ನೆನೆಹಾಕಬೇಕೆಂದು ಗೊತ್ತಿತ್ತು. ಸಾಲದೆ ಹೋದರೆ ತೊಗಲು ಸೆಟೆದುಕೊಳ್ಳುತ್ತದೆ, ಕೆಡುತ್ತದೆ. ಯಾವುದು ಏನಾಗಬೇಕೋ ಅದಾಗುವಂತೆ ಮಾಡುವ ಅಳತೆಯೇ ಹದ.

ಇದನ್ನು ಈಗ ಹೇಳಲು ಕಾರಣವಿದೆ. ಕಳೆದ ಭಾನುವಾರ ವಂದನೆ ಮುಗಿದ ಮೇಲೆ ನಮ್ಮ ಬಳಗದ ಒಬ್ಬ ಹುಡುಗ ಕೇಳಿದ: "ಅಕ್ಕ, ನಮ್ಮೂರ ಹೋಟ್ಲಲ್ಲಿ ನಮಗೆ ಪೇಪರ್ ಲೋಟ, ಅವರಿಗೆ ಸ್ಟೀಲ್ ಲೋಟ. ಕೇಳಿದ್ದಕ್ಕೆ ಊರ ಹಿರಿಯರು ಪಂಚಾಯ್ತಿ ಮಾಡಿ, ನಿಮಗೂ ಸ್ಟೀಲ್ ಲೋಟ ತರಿಸ್ತೀವಿ, ಆದ್ರೆ ಬೇರೆ ಕಡೆ ಇಡ್ತೀವಿ ಅಂದ್ರು. ನಿಮ್ಮ ಬುದ್ಧನೇ ಮಧ್ಯಮ ಮಾರ್ಗ ಅಂದಿಲ್ವೇನಪ್ಪ, ನೀವೂ ಸ್ವಲ್ಪ ಹೊಂದ್ಕೊಳ್ಳಿ ಅಂತಾರೆ. ಏನು ಹೇಳ್ಲಿ?"

ಬುದ್ಧನ ಮಾತನ್ನು ಎಷ್ಟು ಸಲೀಸಾಗಿ ನಮ್ಮ ಮೇಲೇ ತಿರುಗಿಸುತ್ತಾರೆ ನೋಡಿ.

ಸಾರನಾಥದ ಮೊದಲ ಉಪದೇಶದಲ್ಲಿ ಭಗವಾನರು ಎರಡು ಅತಿಗಳನ್ನು ಹೆಸರಿಸಿದರು: ಇಂದ್ರಿಯಸುಖದಲ್ಲಿ ಮುಳುಗುವುದು, ದೇಹವನ್ನು ದಂಡಿಸುವುದು. ಹಾಗೆಂದು ಅರ್ಧ ದಿನ ಸುಖಪಡಿ, ಅರ್ಧ ದಿನ ದಂಡಿಸಿಕೊಳ್ಳಿ ಎನ್ನಲಿಲ್ಲ. ಎರಡನ್ನೂ ಬಿಟ್ಟು ಎಂಟು ಅಂಗಗಳ ಬೇರೆಯದೇ ದಾರಿ ತೋರಿಸಿದರು. ಅನ್ಯಾಯಕ್ಕೂ ನ್ಯಾಯಕ್ಕೂ ನಡುವೆ ಒಂದು ಮಾರ್ಗವಿದೆ ಎಂದು ಅವರು ಎಲ್ಲಿಯೂ ಹೇಳಲಿಲ್ಲ. ಅರ್ಧ ಅಸ್ಪೃಶ್ಯತೆ ಅಸ್ಪೃಶ್ಯತೆಯೇ. ಸಂವಿಧಾನದ 17ನೇ ವಿಧಿಯಲ್ಲಿಯೂ ಅರ್ಧವಿಲ್ಲ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಂ ಹೋಟೆಲಿನ ಪಾತ್ರೆಗಳ ಹೆಸರೆತ್ತಿಯೇ ಮಾತಾಡುತ್ತದೆ. ಅಸ್ಪೃಶ್ಯತೆಯ ಕಾರಣಕ್ಕೆ ಅವುಗಳ ಬಳಕೆಗೆ ಅಡ್ಡಿ ಮಾಡಿದರೆ ಅಪರಾಧ.

ಹಾಗಾದರೆ ಹದ ಎಲ್ಲಿ ಬೇಕು? ನಮ್ಮ ಪ್ರಯತ್ನದಲ್ಲಿ.

ಬಾಬಾಸಾಹೇಬರನ್ನೇ ನೋಡಿ. 1927ರ ಮಾರ್ಚ್ 20ರಂದು ಮಹಾಡ್‌ನ ಚವದಾರ್ ಕೆರೆಯ ನೀರು ಕುಡಿದರು. ಡಿಸೆಂಬರಿನಲ್ಲಿ ಸಾವಿರಾರು ಜನ ಮತ್ತೆ ಸೇರಿದಾಗ ನ್ಯಾಯಾಲಯದ ತಡೆಯಾಜ್ಞೆ ಎದುರಿಗಿತ್ತು. ಜನ ಕೆರೆಗೆ ಇಳಿಯಲು ಸಿದ್ಧರಿದ್ದರು. ಅವರು ಸತ್ಯಾಗ್ರಹವನ್ನು ಮುಂದಕ್ಕೆ ಹಾಕಿ, ಕೋರ್ಟಿನಲ್ಲಿ ಹಿಡಿದ ಪಟ್ಟು ಬಿಡದೆ ಹೋರಾಡಿ, 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಗೆದ್ದರು. ಹತ್ತು ವರ್ಷ! ಕೆರೆಯ ಹಕ್ಕಿನಲ್ಲಿ ಒಂದು ಬೊಗಸೆ ರಾಜಿ ಇಲ್ಲ. ದಾರಿಯಲ್ಲಿ ಮಾತ್ರ ಯಾವಾಗ ಬಿಗಿ, ಯಾವಾಗ ಸಡಿಲ ಎಂಬ ಎಚ್ಚರ.

ಅಂಗುತ್ತರ ನಿಕಾಯದ ಸೋಣನ ಕತೆ ಇದನ್ನೇ ಹೇಳುತ್ತದೆ. ಸಿರಿವಂತ ಮನೆಯ ಹುಡುಗ, ಭಿಕ್ಷುವಾದ ಮೇಲೆ ಪಾದ ಒಡೆದು ರಕ್ತ ಬರುವಷ್ಟು ಚಂಕ್ರಮಣ ಮಾಡಿದ, ಏನೂ ಕಾಣದೆ ಮನೆಗೆ ಹೊರಡಲು ಯೋಚಿಸಿದ. ಅವನು ಹಿಂದೆ ವೀಣೆ ನುಡಿಸುತ್ತಿದ್ದವನು. ತಂತಿ ಅತಿ ಬಿಗಿಯಾದಾಗ, ಅತಿ ಸಡಿಲವಾದಾಗ ನಾದ ಬರುತ್ತಿತ್ತೇ ಎಂದು ಭಗವಾನರು ಕೇಳಿದರು. ಅತಿಯಾದ ಪ್ರಯತ್ನ ಚಡಪಡಿಕೆಗೆ, ಕಡಿಮೆಯಾದದ್ದು ಸೋಮಾರಿತನಕ್ಕೆ ದಾರಿ ಎಂದು ತಿಳಿಹೇಳಿದರು. ನಮ್ಮಲ್ಲೂ ಎರಡು ಥರದವರೂ ಇದ್ದೇವೆ. ಏಪ್ರಿಲ್ 14ಕ್ಕೆ ಮಾತ್ರ ನೀಲಿ ಶಾಲು ಹೊದೆಯುವವರು ಒಂದು ಕಡೆ. ಮೂರು ತಿಂಗಳು ನಿದ್ದೆಗೆಟ್ಟು ಓಡಾಡಿ, ಸುಸ್ತಾಗಿ, ಆಮೇಲೆ ಫೋನೂ ಎತ್ತದವರು ಇನ್ನೊಂದು ಕಡೆ. ಈ ಎರಡನೆಯವರನ್ನು ಕಳೆದುಕೊಂಡಾಗ ನನಗೆ ಹೆಚ್ಚು ಸಂಕಟ.

ಸೋಣನ ಕತೆಗೆ ವಿನಯಪಿಟಕದಲ್ಲಿ ಇನ್ನೊಂದು ತುಣುಕಿದೆ. ಅವನ ಪಾದ ನೋಡಿ ಭಗವಾನರು ಒಂದೇ ಪದರದ ಚಪ್ಪಲಿ ಮೆಟ್ಟಲು ಅನುಮತಿ ಕೊಟ್ಟರು. ನನಗೊಬ್ಬನಿಗೇ ಬೇಡ, ಸಂಘಕ್ಕೆಲ್ಲ ಕೊಟ್ಟರೆ ನಾನೂ ಮೆಟ್ಟುತ್ತೇನೆ ಎಂದ ಸೋಣ. ಭಗವಾನರು ಇಡೀ ಸಂಘಕ್ಕೆ ಅನುಮತಿಸಿದರು. ಮೇಲುಜಾತಿಯವರ ಬೀದಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವರ ಮೊಮ್ಮಕ್ಕಳು ನಾವು. ಈ ತುಣುಕನ್ನು ಮನೆಯ ಮಕ್ಕಳಿಗೆ ಹೇಳಿ.

ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: ಬೇರೆ ಕಡೆ ಇಡುವ ಲೋಟಕ್ಕೆ ಒಪ್ಪಬೇಡ, ಸಿಟ್ಟಿನಲ್ಲಿ ಒಬ್ಬನೇ ಹೋಟೆಲಿಗೆ ನುಗ್ಗಲೂಬೇಡ. ಬರುವ ಭಾನುವಾರ ವಂದನೆಯಾದ ಮೇಲೆ ಅರ್ಜಿ ಬರೆಯೋಣ. ಕಾನೂನು ಬಲ್ಲವರು ದಯವಿಟ್ಟು ಬನ್ನಿ. ಸೋಣ ಸುತ್ತವನ್ನೂ ಅಂದೇ ಓದೋಣ. ಕಾಫಿ ನಮ್ಮ ಮನೆಯಿಂದ ಬರುತ್ತದೆ. ಲೋಟಗಳು ಸಾಲಲಿಕ್ಕಿಲ್ಲ, ಮನೆಗೆ ಒಂದೆರಡು ತನ್ನಿ.

ಜೈ ಭೀಮ್.