ಬೇರಿನ ಋಣ

ಇನ್ನೊಬ್ಬರಿಂದ ಬಂದ ಶಕ್ತಿಯನ್ನು ನನ್ನದೆಂದು ಹೇಳಿಕೊಳ್ಳಬಹುದೇ? ಸೇಬಿನ ಗಿಡವನ್ನು ನೋಡಿ ಯೋಚಿಸೋಣ.

ಸೇಬಿಗೆ ಉಣ್ಣೆಹೇನಿನ ಕಾಟವುಂಟು. 2002ರಲ್ಲಿ ಮಹಾರಾಷ್ಟ್ರದ ಕಬ್ಬಿಗೆ ಬಿದ್ದಿದ್ದ ಬಿಳಿ ಉಣ್ಣೆಯ ಬಳಗದ್ದೇ ಇದು. ಟೊಂಗೆಗಷ್ಟೇ ಅಲ್ಲ, ಬೇರಿಗೂ ಹತ್ತಿ ರಸ ಹೀರುತ್ತದೆ. ಬೇರು ಗಂಟುಗಟ್ಟಿ ಗಿಡ ಸೊರಗುತ್ತದೆ. ಮಣ್ಣಿನೊಳಗೆ ಔಷಧಿ ಮುಟ್ಟಿಸುವುದು ಕಷ್ಟ.

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಸುಮಾರು 1800ರಲ್ಲಿ ಹುಟ್ಟಿದ ‘ನಾರ್ದರ್ನ್ ಸ್ಪೈ’ ತಳಿಯ ಮೇಲೆ ಈ ಹೇನು ಸುಲಭಕ್ಕೆ ನೆಲೆ ನಿಲ್ಲದು. ಆ ಗುಣ ಹುಟ್ಟಿನಿಂದಲೇ ಬಂದದ್ದು. ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಬೆಳೆಗಾರರು ಹತ್ತೊಂಬತ್ತನೆಯ ಶತಮಾನದಲ್ಲೇ ಅದರ ಬೇರಿಗೆ ಬೇರೆ ತಳಿಗಳ ಕಸಿ ಕಟ್ಟಿದರು. ಇಂಗ್ಲೆಂಡಿನ ಈಸ್ಟ್ ಮಾಲಿಂಗ್ ಹಾಗೂ ಮರ್ಟನ್ನಿನ ವಿಜ್ಞಾನಿಗಳು ಅದನ್ನೇ ಸಂಕರಗೊಳಿಸಿ, 1952ರಲ್ಲಿ ಎಂ.ಎಂ. ಸರಣಿಯ ಬೇರುಸಸಿಗಳನ್ನು ಹೊರತಂದರು. ಎಂ.ಎಂ. 106, ಎಂ.ಎಂ. 111 ಇಂದು ಹಿಮಾಚಲದ ತೋಟಗಳಲ್ಲೂ ಇವೆ.

ಪೇಟೆಯಲ್ಲಿ ಹೆಸರು ಹಣ್ಣಿಗೆ. ಬೇರು ಯಾವುದೆಂದು ಕೇಳುವವರಿಲ್ಲ. ಹಾಗೆಂದು ಹಣ್ಣು ಮೋಸ ಮಾಡಿತೇ? ಇಲ್ಲ. ಪಡೆದದ್ದು ತಪ್ಪಲ್ಲ, ಪಡೆದದ್ದನ್ನು ಮರೆಯುವುದು ತಪ್ಪು. ಅಜ್ಜ ಹಾಕಿದ ಬದು, ಅಪ್ಪ ಅಂಗಡಿಯಲ್ಲಿ ಕೂತು ಗಳಿಸಿದ ನಂಬಿಗೆ, ಇವು ನಮ್ಮ ಬೇರುಗಳು. ನಷ್ಟದ ವರ್ಷ ನಾವು ತಡೆದು ನಿಂತರೆ ಅದು ನಮ್ಮೊಬ್ಬರ ಜಾಣತನವಲ್ಲ. ಬಿದ್ದ ನೆರೆಯವನನ್ನು ಹಳಿಯುವ ಮುಂಚೆ ಇದನ್ನು ನೆನೆಯಬೇಕು. ಅವನಿಗೆ ಅಂಥ ಬೇರು ಸಿಕ್ಕಿರಲಿಕ್ಕಿಲ್ಲ.

ಇನ್ನೊಂದು ಮಾತು. ಬೇರಿನ ಆ ಗುಣ ಕಸಿಯ ಟೊಂಗೆಗೆ ಏರುವುದಿಲ್ಲ. ಅಲ್ಲಿ ಹೇನು ಬೀಳಬಹುದು. ಕಾಯಿ ಕೊರೆಯುವ ಹುಳುವಂತೂ ಬೇರನ್ನು ಕಂಡು ಅಂಜದು. ಹಿರಿಯರ ಗಳಿಕೆ ಬುಡವನ್ನು ಕಾಯ್ದೀತು. ಟೊಂಗೆಯನ್ನು ದಿನವೂ ನೋಡಿಕೊಳ್ಳಬೇಕಾದವರು ನಾವೇ.