ಚಹದ ಗಿಂಡಿ ಮತ್ತು ಮಣ್ಣಿನ ಹದ



ನಮ್ಮ ಚಿಕ್ಕೋಡಿ ಸೀಮೆಯಲ್ಲಿ ಮನೆಗೆ ಬಂದವರಿಗೆ ಮೊದಲು ನೀರು, ಬಳಿಕ ಚಹಾ ಕೊಡುವುದು ವಾಡಿಕೆ. ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಾಗಲಿ, ರಾಯಬಾಗದ ಕಬ್ಬಿನ ಹೊಲದ ಬದುವಿನಲ್ಲಾಗಲಿ, ಅಥಣಿ ಕಾಗವಾಡಗಳ ಪೇಟೆಯಲ್ಲಾಗಲಿ ಚಹಾ ಕುಡಿಯದೆ ಮಾತು ಮುಂದುವರಿಯದು. ಆ ಚಹವನ್ನು ಹೊತ್ತು ತರುವ ಕಿಟ್ಲಿ ಈಗ ಅಲ್ಯುಮಿನಿಯಮ್ಮಿನದು ಇಲ್ಲವೆ ಸ್ಟೀಲಿನದು. ಅದನ್ನೇ ತಿಗರಿಯ ಮೇಲೆ ಮಣ್ಣಿನಿಂದ ಮಾಡಲು ಕಲಿಯುವುದೆಂದರೇನು, ಆ ಕಲಿಕೆಯಿಂದ ಗೃಹಸ್ಥನು ತಿಳಿಯಬೇಕಾದುದೇನು ಎಂಬುದನ್ನು ಈ ಸಲ ವಿಚಾರಿಸೋಣ.

ಈ ವಿಚಾರಕ್ಕೆ ಕಾರಣವುಂಟು. ಕಳೆದ ಶ್ರಾವಣದಲ್ಲಿ ಪುರಾಣ ಮುಗಿದ ಮೇಲೆ ಗೃಹಸ್ಥರೊಬ್ಬರು ತಮ್ಮ ಸಂಕಟವನ್ನು ಹೇಳಿಕೊಂಡರು. ಅವರ ಮಗನು ಓದು ಮುಗಿಸಿ, ಕುಂಬಾರಿಕೆ ಕಲಿಯಲು ಖಾನಾಪುರಕ್ಕೆ ಹೋಗುವೆನೆಂದು ಹಟ ಹಿಡಿದಿದ್ದನು. “ಹತ್ತೆಕರೆ ಕಬ್ಬು ಇದ್ದ ಮನೆತನದ ಹುಡುಗ ಕೆಸರು ತುಳಿಯೂದಂದ್ರೇನ್ರೀ ಗುರುಗಳೆ? ನಾಳೆ ಬೀಗರಿಗೆ ಏನಂತ ಹೇಳಲಿ?” ಎಂದು ಕೇಳಿದರು. ಈ ಪ್ರಶ್ನೆ ಅವರೊಬ್ಬರದಲ್ಲ. ಲಿಂಗವನ್ನು ಧರಿಸಿಯೂ ಕುಲದ ಲೆಕ್ಕವನ್ನು ಬಿಡದ ಅನೇಕ ಮನೆಗಳದು. ಆದುದರಿಂದ ಉತ್ತರವೂ ಎಲ್ಲರ ಎದುರಿನಲ್ಲಿಯೇ ಆಗತಕ್ಕುದು.

ಶರಣ ಕುಂಬಾರ ಗುಂಡಯ್ಯನವರ ಊರು ಇಂದಿನ ಬೀದರ ಜಿಲ್ಲೆಯ ಭಾಲ್ಕಿ ಎಂದು ಹೇಳುವರು. ಹರಿಹರ ಮಹಾಕವಿಯು ಅವರ ಮೇಲೆ ಒಂದು ರಗಳೆಯನ್ನೇ ರಚಿಸಿದ್ದಾನೆ. ಗುಂಡಯ್ಯನವರು ಮಡಕೆಯನ್ನು ಬಾರಿಸುತ್ತಿರಲು ಆ ನಾದಕ್ಕೆ ಶಿವನು ಕುಣಿದನೆಂಬುದು ಅಲ್ಲಿಯ ಕಥೆ. ಅವರ ಸತಿ ಕೇತಲದೇವಿಯವರ ಒಂದು ವಚನ ನಮಗೆ ದೊರೆತಿದೆ. ಅದರ ಮೊದಲ ಮಾತೇ ಮಣ್ಣಿನ ಹದವನ್ನು ಕುರಿತದ್ದು. ದಿನವೂ ಮಣ್ಣು ಕಲಸಿದ ಕೈಗಲ್ಲದೆ ಅಂಥ ಮಾತು ತೋಚುವುದು ಸುಲಭವಲ್ಲ.

ತರ್ಕವನ್ನು ಓದುವ ನಮ್ಮ ವಿದ್ಯಾರ್ಥಿಗಳು ಘಟಕ್ಕೆ ಮಣ್ಣು ಯಾವ ಕಾರಣ, ಕುಂಬಾರನು ಯಾವ ಕಾರಣ, ದಂಡ ಚಕ್ರಗಳು ಯಾವ ಕಾರಣ ಎಂದು ನಿದ್ದೆಯಲ್ಲಿಯೂ ಹೇಳಬಲ್ಲರು. ಆದರೆ ಕೈಗೆ ಮಣ್ಣು ತಾಗಿಸಿಕೊಂಡವರು ಅವರಲ್ಲಿ ವಿರಳ. ತಿಗರಿಯು ಬಾಯಿಪಾಠವನ್ನು ಒಪ್ಪುವುದಿಲ್ಲ. ಮೊದಲು ಮಣ್ಣನ್ನು ಸೋಸಿ, ಕಲ್ಲು ಬೇರು ತೆಗೆದು, ತುಳಿದು, ನಾದಿ, ಒಳಗಿನ ಗಾಳಿಯನ್ನು ಹೊರಗೆಡಹಬೇಕು. ಬಳಿಕ ಮುದ್ದೆಯನ್ನು ತಿಗರಿಯ ನಟ್ಟನಡುವೆ ನಿಲ್ಲಿಸಬೇಕು. ಹೊಸಬನಿಗೆ ಇದೊಂದೇ ಕೆಲಸಕ್ಕೆ ಅನೇಕ ದಿನಗಳು ಬೇಕು. ಮುದ್ದೆ ಎಳ್ಳಷ್ಟು ಓರೆಯಾದರೂ ಗೋಡೆಯನ್ನು ಎತ್ತುವಾಗ ಒಂದು ಬದಿ ದಪ್ಪ, ಒಂದು ಬದಿ ತೆಳುವಾಗಿ ಪಾತ್ರೆ ಕುಸಿಯುವುದು. ತೋಳಿನ ಬಲದಿಂದ ಮಣ್ಣು ನಡುವಿಗೆ ಬಾರದು. ಮೊಣಕೈ ಅಲುಗದೆ, ಉಸಿರು ತಡವರಿಸದೆ, ಚಿತ್ತ ಒಂದೆಡೆ ನಿಂತಾಗಲೇ ಬರುವುದು. ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟು ದೃಷ್ಟಿಯನ್ನು ನಿಲ್ಲಿಸಲು ಯತ್ನಿಸಿದವರಿಗೆ ಈ ಕಷ್ಟದ ಪರಿಚಯವುಂಟು.

ಗಡಿಗೆಗಿಂತ ಚಹದ ಕಿಟ್ಲಿ ಕಠಿಣ. ನಮ್ಮ ಹಿರಿಯರ ಗಿಂಡಿಯಂತೆ ಅದಕ್ಕೂ ಕೊಳವಿಯುಂಟು. ಜೊತೆಗೆ ಹಿಡಿಕೆ, ಮುಚ್ಚಳಗಳುಂಟು. ಇವನ್ನೆಲ್ಲ ಬೇರೆ ಬೇರೆಯಾಗಿ ಮಾಡಿ, ಅರೆ ಒಣಗಿ ಗಟ್ಟಿಯಾದ ಹದದಲ್ಲಿ ಗೀರು ಹಾಕಿ, ಮಣ್ಣಿನ ಗಂಜಿ ಹಚ್ಚಿ ಕೂಡಿಸಬೇಕು. ಒಂದು ಹಸಿ, ಒಂದು ಒಣಗಿದ್ದು ಆದರೆ ಕೂಡಿದಲ್ಲಿಯೇ ಬಿರುಕು ಬಿಡುವುದು. ಮಣ್ಣು ಒಣಗಿ ಬೇಯುವುದರೊಳಗೆ ನೂರಕ್ಕೆ 8ರಿಂದ 12ರಷ್ಟು ಕುಗ್ಗುವುದುಂಟು. ಆದುದರಿಂದ ಬಲ್ಲವರು ಒಡಲನ್ನೂ ಮುಚ್ಚಳವನ್ನೂ ಒಂದೇ ಮಣ್ಣಿನಲ್ಲಿ, ಒಂದೇ ಹೊತ್ತಿನಲ್ಲಿ ಮಾಡಿ, ಒಂದರ ಮೇಲೊಂದಿಟ್ಟು ಒಣಗಿಸುವರು. ಜೊತೆಯಾಗಿ ಕುಗ್ಗಿದವು ಕಡೆಯವರೆಗೆ ಹೊಂದಿಕೊಳ್ಳುವುವು. ಗುಂಡಯ್ಯ ಕೇತಲದೇವಿಯರ ದಾಂಪತ್ಯವು ಇಂಥದೇ. ಮನೆಯಲ್ಲಿ ಒಬ್ಬರೇ ಕುಗ್ಗಬೇಕು, ಮತ್ತೊಬ್ಬರು ಇದ್ದಂತೆಯೇ ಇರಬೇಕು ಎನ್ನುವ ಗೃಹಸ್ಥನು ಈ ಮಾತನ್ನು ಎರಡು ಸಲ ಓದಲಿ.

ಕೊಳವಿಯ ತುದಿ ಪಾತ್ರೆಯ ಬಾಯಿಗಿಂತ ತಗ್ಗಾದರೆ ಕಿಟ್ಲಿ ತುಂಬುವ ಮೊದಲೇ ಚಹಾ ಚೆಲ್ಲುವುದು. ಅರ್ಧ ಓದಿದವನ ನಾಲಗೆಯೂ ಹಾಗೆಯೇ. ಮುಚ್ಚಳದಲ್ಲಿ ಸಣ್ಣದೊಂದು ರಂಧ್ರ ಬೇಕು. ಗಾಳಿ ಒಳಹೋಗಲು ದಾರಿಯಿಲ್ಲದಿದ್ದರೆ ಚಹಾ ಸರಾಗವಾಗಿ ಹೊರಬಾರದು. ಕೊಡುವವನಿಗೂ ಪಡೆಯಲು ಒಂದು ಬಾಗಿಲು ತೆರೆದಿರಬೇಕೆಂದು ಆ ರಂಧ್ರವು ಹೇಳುವುದು. ಇನ್ನೊಂದು ಸೋಜಿಗವುಂಟು. ತಿಗರಿಯ ಮೇಲೆ ತಿರುಗಿಸಿ ಎತ್ತಿದ ಕೊಳವಿಯು ಆವಿಗೆಯಲ್ಲಿ ಬೇಯುವಾಗ ತುಸು ತಿರುಚಿಕೊಳ್ಳುವುದು. ತಿರುಗಿದ ನೆನಪು ಮಣ್ಣಿನಲ್ಲಿ ಉಳಿದಿರುವುದು. ಇದನ್ನು ಬಲ್ಲ ಕುಂಬಾರನು ಕೊಳವಿಯ ತುದಿಯನ್ನು ಮೊದಲೇ ಕೊಂಚ ಓರೆಯಾಗಿ ಕೊಯ್ದಿಡುವನು. ಬೆಂದ ಮೇಲೆ ಅದು ನೆಟ್ಟಗೆ ನಿಲ್ಲುವುದು. ಪೂರ್ವಸಂಸ್ಕಾರವು ಕಷ್ಟದ ಬೆಂಕಿಯಲ್ಲಿ ತಲೆಯೆತ್ತುವುದೆಂದು ಶಾಸ್ತ್ರಗಳು ಹೇಳುವುದನ್ನು ಕುಂಬಾರನು ಕಣ್ಣಾರೆ ಕಂಡು, ಅದಕ್ಕೆ ತಕ್ಕ ಉಪಾಯವನ್ನೂ ಮಾಡಿರುವನು. ಮಕ್ಕಳನ್ನು ಬೆಳೆಸುವವರಿಗೆ ಈ ದೂರದೃಷ್ಟಿ ಬೇಕು.

ಬೆಂದ ಪಾತ್ರೆಯನ್ನು ಬೆರಳಿನಿಂದ ಬಾರಿಸಿ ನೋಡುವರು. ನಾದ ಗಟ್ಟಿಯಾಗಿದ್ದರೆ ಪಾತ್ರೆ ಗಟ್ಟಿ. ಒಡಕು ದನಿ ಬಂದರೆ ಕಣ್ಣಿಗೆ ಕಾಣದ ಬಿರುಕುಂಟು. ಗುಂಡಯ್ಯನವರ ಬಾರಿಸುವಿಕೆಯ ಮೂಲ ಇದೇ ನಿತ್ಯದ ಪರೀಕ್ಷೆಯಲ್ಲಿರಬಹುದೆಂದು ನನಗೆ ತೋರುವುದು. ಕೆಲಸವನ್ನು ಬಿಟ್ಟು ಪೂಜೆಗೆ ಎದ್ದು ಹೋಗಬೇಕಾಗಲಿಲ್ಲ. ಕೆಲಸದ ಸದ್ದೇ ಪೂಜೆಯ ವಾದ್ಯವಾಯಿತು.

ಮಣ್ಣಿನ ಕಿಟ್ಲಿ ಲೋಕದಲ್ಲಿ ಹೊಸತೂ ಅಲ್ಲ, ಹೀನವೂ ಅಲ್ಲ. ಚೀನಾ ದೇಶದ ಯಿಶಿಂಗ್ ಎಂಬ ಊರಿನವರು 16ನೆಯ ಶತಮಾನದಿಂದ ಅಲ್ಲಿಯ ಕೆಂಗಂದು ಮಣ್ಣಿನ ಕಿಟ್ಲಿಗಳಿಗೆ ಹೆಸರಾದವರು. ಅವರು ಬಹುಮಟ್ಟಿಗೆ ತಿಗರಿಯಿಲ್ಲದೆ, ಮಣ್ಣನ್ನು ಹಾಳೆಯಂತೆ ತಟ್ಟಿ ಕೂಡಿಸುವರು. ನಮ್ಮ ಜಿಲ್ಲೆಯಲ್ಲಿಯೇ ಮಲಪ್ರಭೆಯ ದಂಡೆಯ ಖಾನಾಪುರವು ಹೆಂಚಿಗೂ ಮಡಕೆಗೂ ಹೆಸರಾದ ಊರು. 1957ರಲ್ಲಿ ಸ್ಥಾಪಿತವಾದ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯು ಅಲ್ಲಿದೆ. ಅದೇ ಆಯೋಗವು 2018ರಲ್ಲಿ ಕುಂಬಾರರಿಗೆ ವಿದ್ಯುತ್ ತಿಗರಿಗಳನ್ನು ಹಂಚುವ ಯೋಜನೆಯನ್ನು ಆರಂಭಿಸಿತು. ಕಾಲಿನಿಂದಲೋ ಕೋಲಿನಿಂದಲೋ ತಿಗರಿ ತಿರುಗಿಸಿ ಸವೆದ ದೇಹಗಳಿಗೆ ಅದು ದೊಡ್ಡ ಆಸರೆ.

ಈಗ ಬೀಗರಿಗೆ ಹೇಳಬೇಕಾದುದು ಇಷ್ಟೆ: “ನಮ್ಮ ಹುಡುಗ ಗುಂಡಯ್ಯನವರ ಕಾಯಕ ಕಲಿಯಾಕ ಹೋಗ್ಯಾನ.” ಈ ಮಾತಿಗೆ ನಾಚುವ ಬೀಗತನವು ಉಳಿದರೂ ಲಾಭವಿಲ್ಲ, ಹೋದರೂ ನಷ್ಟವಿಲ್ಲ. ಆದರೆ ತಂದೆಯ ಚಿಂತೆಯಲ್ಲಿ ಒಂದು ಸತ್ಯಾಂಶವುಂಟು, ಅದನ್ನು ಮರೆಯಲಾಗದು. ಮಡಕೆಯಿಂದ ಹೊಟ್ಟೆ ತುಂಬುವುದೆ ಎಂದು ಅವನು ಅಂಜುವನು. ಆ ಅಂಜಿಕೆಗೆ ಉತ್ತರ ಹೇಳಬೇಕಾದವರು ಕೊಳ್ಳುವವರಾದ ನಾವು. ಬಸವ ಜಯಂತಿಯಂದು ಶರಣರ ಹೆಸರನ್ನು ಕೊಂಡಾಡಿ, ಮರುದಿನ ಸಂತೆಯಲ್ಲಿ ಕುಂಬಾರನನ್ನು ಏಕವಚನದಲ್ಲಿ ಕರೆದು, ಐದು ರೂಪಾಯಿಗೆ ಅರ್ಧ ತಾಸು ಚೌಕಾಶಿ ಮಾಡುವ ನಾಲಗೆಯಲ್ಲಿ ವಚನವು ಹೇಗೆ ನಿಂತೀತು?

ಆದುದರಿಂದ ಸದ್ಭಕ್ತರಲ್ಲಿ ನನ್ನ ಬಿನ್ನಹವಿದು. ನಿಮ್ಮೂರ ಕುಂಬಾರರ ಮನೆಗೆ ಒಮ್ಮೆ ಹೋಗಿರಿ. ಮಕ್ಕಳನ್ನೂ ಕರೆದೊಯ್ಯಿರಿ, ಒಂದು ಹಿಡಿ ಮಣ್ಣನ್ನು ತಿಗರಿಯ ನಡುವೆ ನಿಲ್ಲಿಸಲು ಯತ್ನಿಸಲಿ. ಸೋತಾಗ ಆ ವಿದ್ಯೆಯ ಬೆಲೆ ತಾನಾಗಿಯೇ ತಿಳಿಯುವುದು. ಮಣ್ಣಿನ ಕಿಟ್ಲಿಯೊಂದನ್ನು ಹೇಳಿದ ಬೆಲೆಗೇ ಕೊಳ್ಳಿರಿ. ಒಳಮೆರುಗಿನಲ್ಲಿ ಸೀಸವಿಲ್ಲವೆಂದು ಮಾತ್ರ ಕೇಳಿ ತಿಳಿಯಿರಿ. ಅದನ್ನು ಒಲೆಯ ಮೇಲಿಡದೆ, ಮೊದಲು ಬಿಸಿನೀರಿನಿಂದ ಬೆಚ್ಚಗೆ ಮಾಡಿ, ಕಾಸಿದ ಚಹವನ್ನು ಸೋಸಿ ತುಂಬಿರಿ. ಮೊದಲ ಕಪ್ಪನ್ನು ಮನೆಗೆ ಬಂದ ಜಂಗಮರಿಗೆ ಕೊಡಿರಿ. ಕುಂಬಾರರೇ ಬಂದಿದ್ದರೆ ಅವರನ್ನೂ ಅದೇ ಜಮಖಾನೆಯ ಮೇಲೆ ಕೂಡಿಸಿ, ಅದೇ ಕಪ್ಪಿನಲ್ಲಿ ಕೊಡಿರಿ.